ಎಷ್ಟು ಎಲೆ ಹಾಕಬೇಕು? ಸ್ಪ್ರೆಡ್‌ಶೀಟ್‌ನಲ್ಲಿ ಎಣಿಸುವ ಬಗೆ



ಹೊರನಾಡಿನಲ್ಲಿ ನಾಲ್ಕು ಕನ್ನಡಿಗರು ಸೇರಿದರೆ ಒಂದು ಸಂಘ ಹುಟ್ಟುತ್ತದೆ, ಸಂಘ ಹುಟ್ಟಿದರೆ ಒಂದು ಪಟ್ಟಿ ಹುಟ್ಟುತ್ತದೆ. ಮುಂಬಯಿಯಲ್ಲಿ ಸದಸ್ಯರ ಪಟ್ಟಿ, ಪುಣೆಯಲ್ಲಿ ಯುಗಾದಿ ಊಟಕ್ಕೆ ಬರುವವರ ಪಟ್ಟಿ, ಚೆನ್ನೈಯಲ್ಲಿ ಕನ್ನಡ ಕಲಿಯುವ ಮಕ್ಕಳ ಪಟ್ಟಿ, ಹೈದರಾಬಾದಿನಲ್ಲಿ ನಾಟಕದ ಟಿಕೆಟ್ ಕೊಂಡವರ ಪಟ್ಟಿ, ದೆಹಲಿಯಲ್ಲಿ ರಾಜ್ಯೋತ್ಸವಕ್ಕೆ ವಂತಿಗೆ ಕೊಟ್ಟವರ ಪಟ್ಟಿ. ಹಿಂದೆ ಇದೆಲ್ಲ ಕಾರ್ಯದರ್ಶಿಗಳ ಉದ್ದನೆಯ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಈಗ ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಇರುತ್ತದೆ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಹಲವರ ಕಂಪ್ಯೂಟರಿನಲ್ಲಿ ಅಂಥದ್ದೊಂದು ಫೈಲ್ ಇದ್ದೇ ಇರುತ್ತದೆ. ಸಂಘದ್ದಲ್ಲದಿದ್ದರೆ ನಿಮ್ಮ ಹೌಸಿಂಗ್ ಸೊಸೈಟಿಯದ್ದು.

ಇಷ್ಟು ದೊಡ್ಡ ಪಟ್ಟಿಯಿಂದ ಕೊನೆಗೆ ಎಲ್ಲರೂ ಕೇಳುವುದು ಒಂದೇ ಸಂಖ್ಯೆ: ಎಷ್ಟು? ಅಡುಗೆಯವರು ಎಷ್ಟು ಎಲೆ ಎಂದು ಕೇಳುತ್ತಾರೆ. ಖಜಾಂಚಿಗಳು ಎಷ್ಟು ಜನ ಹಣ ಕೊಟ್ಟರು ಎಂದು ಕೇಳುತ್ತಾರೆ. ಅಧ್ಯಕ್ಷರು ಸಭೆಗೆ ಕೋರಂ ಆಗುತ್ತದೆಯೇ ಎಂದು ಕೇಳುತ್ತಾರೆ. ನೀವು ಹೇಳುವ ಸಂಖ್ಯೆಯನ್ನು ನಂಬಿ ಅಕ್ಕಿ ಅಳೆಯುತ್ತಾರೆ, ಗಾಡಿ ಗೊತ್ತುಮಾಡುತ್ತಾರೆ, ಹಾಲ್ ಹಿಡಿಯುತ್ತಾರೆ. ಸಂಖ್ಯೆ ಕಡಿಮೆಯಾದರೆ ಅದರ ಪೆಟ್ಟು ಬೀಳುವುದು ಲೆಕ್ಕ ಬರೆದವರಿಗಲ್ಲ, ಕೊನೆಯ ಪಂಕ್ತಿಯಲ್ಲಿ ಕುಳಿತವರಿಗೆ. ಅವರು ಬಹುಮಟ್ಟಿಗೆ ದೂರದಿಂದ, ಎರಡು ಟ್ರೇನ್ ಬದಲಿಸಿ ಬಂದವರೇ ಆಗಿರುತ್ತಾರೆ.

ಸ್ಪ್ರೆಡ್‌ಶೀಟ್ ಎಣಿಸುವುದರಲ್ಲಿ ತಪ್ಪುವುದಿಲ್ಲ. ಆದರೆ ಅದು ನೀವು ಕೇಳಿದ್ದನ್ನು ಮಾತ್ರ ಎಣಿಸುತ್ತದೆ, ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ಅಲ್ಲ. ಎಣಿಸುವುದಕ್ಕೆಂದೇ ಅದರಲ್ಲಿ ಐದು ಮುಖ್ಯ ಫಂಕ್ಷನ್‌ಗಳಿವೆ. ಐದೂ ಕೇಳುವ ಪ್ರಶ್ನೆ ಬೇರೆ ಬೇರೆ. ಯಾವುದು ಏನು ಕೇಳುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಂದು ಸೂಚನೆ. ಇಲ್ಲಿ ಫಾರ್ಮುಲಾಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಕಂಪ್ಯೂಟರಿನಲ್ಲಿ ಫಂಕ್ಷನ್ನಿನ ಹೆಸರು ಮತ್ತು ಕಾಲಂ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಉದ್ಧರಣ ಚಿಹ್ನೆಗಳ ಒಳಗಿನ ಕನ್ನಡ ಪದ ಮಾತ್ರ ನಿಮ್ಮ ಪಟ್ಟಿಯಲ್ಲಿ ಇರುವಂತೆಯೇ ಇರಬೇಕು.

ನಮ್ಮ ಮಾದರಿ ಪಟ್ಟಿ

ಒಂದು ಚಿಕ್ಕ ಪಟ್ಟಿಯನ್ನು ಕಲ್ಪಿಸಿಕೊಳ್ಳೋಣ. ಮುಂಬಯಿಯ ಒಂದು ಸಂಘ, ರಾಜ್ಯೋತ್ಸವದ ಊಟ, ಹತ್ತು ಮನೆ. ಎ ಕಾಲಂನಲ್ಲಿ ಮನೆ, ಬಿ ಕಾಲಂನಲ್ಲಿ ಬಡಾವಣೆ, ಸಿ ಕಾಲಂನಲ್ಲಿ ಬರುತ್ತಾರೆಯೇ ಎಂಬುದು, ಡಿ ಕಾಲಂನಲ್ಲಿ ಎಷ್ಟು ಜನ, ಇ ಕಾಲಂನಲ್ಲಿ ಕೊಟ್ಟ ವಂತಿಗೆ. ಮೊದಲ ಸಾಲಿನಲ್ಲಿ ತಲೆಬರಹ, ಎರಡರಿಂದ ಹನ್ನೊಂದನೆಯ ಸಾಲಿನವರೆಗೆ ಮನೆಗಳು.

1ನೇ ಮನೆ – ಮಾಟುಂಗಾ – ಹೌದು – 4 – 500
2ನೇ ಮನೆ – ಡೊಂಬಿವಲಿ – ಹೌದು – 3 – 500
3ನೇ ಮನೆ – ಥಾಣೆ – ಇಲ್ಲ – 0 – 500
4ನೇ ಮನೆ – ಡೊಂಬಿವಲಿ – ಖಾಲಿ – ಖಾಲಿ – ಖಾಲಿ
5ನೇ ಮನೆ – ಮುಲುಂಡ್ – ಹೌದು – ಐದು ಜನ – 500
6ನೇ ಮನೆ – ಡೊಂಬಿವಲಿ – ಹೌದು – 2 – ನಂತರ
7ನೇ ಮನೆ – ಮಾಟುಂಗಾ – ಇಲ್ಲ – 0 – ಖಾಲಿ
8ನೇ ಮನೆ – ಥಾಣೆ – ಹೌದು – 6 – 500
9ನೇ ಮನೆ – ಮುಲುಂಡ್ – ಖಾಲಿ – ಖಾಲಿ – ಖಾಲಿ
10ನೇ ಮನೆ – ಡೊಂಬಿವಲಿ – ಹೌದು – 1 – 500

"ಖಾಲಿ" ಎಂದು ಬರೆದಿರುವಲ್ಲಿ ಸೆಲ್‌ನಲ್ಲಿ ನಿಜವಾಗಿ ಏನೂ ಇಲ್ಲ ಎಂದು ತಿಳಿಯಿರಿ. ಹತ್ತು ಮನೆಯಾದ್ದರಿಂದ ಬೆರಳಿನಲ್ಲೇ ಎಣಿಸಿ ತಾಳೆ ನೋಡಬಹುದು. ನಿಮ್ಮ ಪಟ್ಟಿಯಲ್ಲಿ ನಾನೂರು ಮನೆ ಇದ್ದರೆ ಬೆರಳು ಸಾಲದು, ಆದರೆ ಫಾರ್ಮುಲಾ ಇದೇ.

ಮೂರು ಎಣಿಕೆ, ಮೂರು ಉತ್ತರ

ಮೊದಲನೆಯದು ಕೌಂಟ್. ಇದು ಅಂಕಿ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. ಅಕ್ಷರಗಳನ್ನು ಕಂಡರೆ ದಾಟಿಕೊಂಡು ಹೋಗುತ್ತದೆ. ತಾರೀಖನ್ನು ಸ್ಪ್ರೆಡ್‌ಶೀಟ್ ಒಳಗೊಳಗೆ ಅಂಕಿಯಾಗಿಯೇ ಇಟ್ಟುಕೊಳ್ಳುವುದರಿಂದ ತಾರೀಖುಗಳೂ ಇದರ ಎಣಿಕೆಗೆ ಸೇರುತ್ತವೆ.

=ಕೌಂಟ್(ಡಿ2:ಡಿ11)

ಉತ್ತರ 7. ಸೊನ್ನೆ ಬರೆದಿರುವ ಎರಡು ಮನೆಗಳೂ ಇದರಲ್ಲಿ ಸೇರಿವೆ, ಏಕೆಂದರೆ ಸೊನ್ನೆಯೂ ಒಂದು ಅಂಕಿ. "ಐದು ಜನ" ಎಂದು ಅಕ್ಷರದಲ್ಲಿ ಬರೆದ 5ನೇ ಮನೆ ಮಾತ್ರ ಹೊರಗುಳಿಯಿತು.

ಎರಡನೆಯದು ಕೌಂಟ್‌ಎ. ಸೆಲ್‌ನಲ್ಲಿ ಏನಾದರೂ ಇದ್ದರೆ ಸಾಕು, ಇದು ಎಣಿಸುತ್ತದೆ. ಅಂಕಿಯೋ ಅಕ್ಷರವೋ ಎಂದು ನೋಡುವುದಿಲ್ಲ.

=ಕೌಂಟ್‌ಎ(ಡಿ2:ಡಿ11)

ಉತ್ತರ 8. ಅಂದರೆ ಎಂಟು ಮನೆಯವರು ಏನೋ ಒಂದು ಉತ್ತರ ಕೊಟ್ಟಿದ್ದಾರೆ.

ಮೂರನೆಯದು ಕೌಂಟ್‌ಬ್ಲ್ಯಾಂಕ್. ಇದು ಖಾಲಿ ಸೆಲ್‌ಗಳನ್ನು ಎಣಿಸುತ್ತದೆ.

=ಕೌಂಟ್‌ಬ್ಲ್ಯಾಂಕ್(ಡಿ2:ಡಿ11)

ಉತ್ತರ 2. ಇವರು ಇನ್ನೂ ಬಾಯಿ ಬಿಟ್ಟಿಲ್ಲ.

ಒಂದೇ ಕಾಲಂ, 7, 8 ಮತ್ತು 2 ಎಂಬ ಮೂರು ಉತ್ತರ. ಮೂರೂ ಸರಿಯೇ. ಇವುಗಳಲ್ಲಿ ಯಾವುದೂ "ಎಷ್ಟು ಮನೆಯವರು ಊಟಕ್ಕೆ ಬರುತ್ತಾರೆ?" ಎಂಬ ಪ್ರಶ್ನೆಗೆ ಉತ್ತರವಲ್ಲ ಎಂಬುದನ್ನು ಗಮನಿಸಿ. 8 ಎಂದರೆ ಉತ್ತರಿಸಿದವರು, ಬರುವವರಲ್ಲ. ಅನೇಕ ಪಟ್ಟಿಗಳು ಎಡವುವುದು ಇಲ್ಲೇ. ಕೌಂಟ್‌ಎ ಕೊಟ್ಟ ಸಂಖ್ಯೆಯನ್ನು ಬರುವವರ ಸಂಖ್ಯೆಯೆಂದು ಓದಿಬಿಡುತ್ತೇವೆ.

ಆದರೆ ಈ ಮೂರರಿಂದ ಒಂದು ಒಳ್ಳೆಯ ಉಪಯೋಗವಿದೆ. ಕೌಂಟ್‌ಎ ಮತ್ತು ಕೌಂಟ್‌ಬ್ಲ್ಯಾಂಕ್ ಕೂಡಿದರೆ ಒಟ್ಟು ಸಾಲುಗಳ ಸಂಖ್ಯೆ ಬರಬೇಕು: 8 ಮತ್ತು 2, ಹತ್ತು. ಕೌಂಟ್‌ಎ ಮತ್ತು ಕೌಂಟ್ ನಡುವೆ ವ್ಯತ್ಯಾಸ ಕಂಡರೆ ಅಷ್ಟು ಸೆಲ್‌ಗಳಲ್ಲಿ ಅಂಕಿಯ ಬದಲು ಬೇರೇನೋ ಕುಳಿತಿದೆ ಎಂದರ್ಥ. ನಮ್ಮಲ್ಲಿ 8 ಮತ್ತು 7, ವ್ಯತ್ಯಾಸ ಒಂದು. ಆ ಒಂದು ಎಷ್ಟು ದುಬಾರಿ ಎಂದು ಈಗ ನೋಡಿ. ಡಿ ಕಾಲಂ ಅನ್ನು ಸಮ್ ಫಂಕ್ಷನ್ನಿನಿಂದ ಕೂಡಿಸಿದರೆ 16 ಎಂದು ಬರುತ್ತದೆ. ನಿಜಕ್ಕೂ ಬರುವವರು 21 ಜನ. "ಐದು ಜನ" ಎಂದು ಪ್ರೀತಿಯಿಂದ ಬರೆದವರ ಐದೂ ಎಲೆ ಲೆಕ್ಕದಿಂದ ಮಾಯ! ಸ್ಪ್ರೆಡ್‌ಶೀಟ್ ಎಲ್ಲೂ ತಪ್ಪು ತೋರಿಸುವುದಿಲ್ಲ, ಕೆಂಪು ಬಣ್ಣ ಬರುವುದಿಲ್ಲ. ಆ ಸೆಲ್‌ನಲ್ಲಿ 5 ಎಂದು ತಿದ್ದಿದ ಕ್ಷಣ ಕೌಂಟ್ 8 ಆಗುತ್ತದೆ, ಮೊತ್ತ 21 ಆಗುತ್ತದೆ.

ಇದೇ ತೊಂದರೆ ಇನ್ನೊಂದು ವೇಷದಲ್ಲೂ ಬರುತ್ತದೆ. ನೋಡಲು 4 ಎಂಬ ಅಂಕಿಯೇ ಆಗಿದ್ದರೂ, ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದಾಗ ಅದು ಅಕ್ಷರವಾಗಿ ಉಳಿದಿರಬಹುದು. ಎಕ್ಸೆಲ್‌ನಲ್ಲಿ ಅಂಥ ಸೆಲ್‌ನ ಮೂಲೆಯಲ್ಲಿ ಸಾಮಾನ್ಯವಾಗಿ ಪುಟ್ಟ ಹಸಿರು ತ್ರಿಕೋನ ಕಾಣುತ್ತದೆ, ಅಂಕಿ ಬಲಕ್ಕೆ ಬದಲು ಎಡಕ್ಕೆ ಒತ್ತಿಕೊಂಡಿರುತ್ತದೆ. ಕೌಂಟ್ ಮತ್ತು ಸಮ್ ಎರಡೂ ಅದನ್ನು ಕಡೆಗಣಿಸುತ್ತವೆ. ತ್ರಿಕೋನದ ಪಕ್ಕ ಬರುವ ಗುರುತನ್ನು ಒತ್ತಿ ಅಂಕಿಯಾಗಿ ಬದಲಿಸುವ ಆಯ್ಕೆಯನ್ನು ಆರಿಸಿಕೊಂಡರೆ ಸರಿಹೋಗುತ್ತದೆ.

ಷರತ್ತು ಹಾಕಿ ಎಣಿಸುವುದು

ನಾಲ್ಕನೆಯದು ಕೌಂಟ್‌ಇಫ್. ನಿತ್ಯದ ಕೆಲಸಕ್ಕೆ ಹೆಚ್ಚು ಬೇಕಾಗುವುದು ಇದೇ. ಎಲ್ಲಿ ಎಣಿಸಬೇಕು, ಏನಿದ್ದರೆ ಎಣಿಸಬೇಕು ಎಂಬ ಎರಡು ಸಂಗತಿ ಹೇಳಿದರೆ ಸಾಕು.

=ಕೌಂಟ್‌ಇಫ್(ಸಿ2:ಸಿ11,"ಹೌದು")

ಉತ್ತರ 6. ಬರುವ ಮನೆಗಳು ಆರು. "ಇಲ್ಲ" ಎಂದು ಕೇಳಿದರೆ 2. ಖಾಲಿ 2. ಮೂರನ್ನೂ ಕೂಡಿದರೆ ಹತ್ತು, ಲೆಕ್ಕ ತಾಳೆಯಾಯಿತು.

ಅಂಕಿಗಳ ಮೇಲೂ ಷರತ್ತು ಹಾಕಬಹುದು. ಹೆಚ್ಚು, ಕಡಿಮೆ ಎಂಬ ಚಿಹ್ನೆಗಳನ್ನು ಅಂಕಿಯ ಜೊತೆಗೇ ಉದ್ಧರಣ ಚಿಹ್ನೆಯೊಳಗೆ ಇಡಬೇಕು.

=ಕೌಂಟ್‌ಇಫ್(ಡಿ2:ಡಿ11,">0")

"ಐದು ಜನ" ಎಂಬುದನ್ನು ತಿದ್ದುವ ಮೊದಲಾದರೆ ಇದರ ಉತ್ತರ 5. ಸಿ ಕಾಲಂ ಆರು ಮನೆ ಬರುತ್ತವೆ ಎನ್ನುತ್ತಿದೆ, ಡಿ ಕಾಲಂ ಐದೇ ಎನ್ನುತ್ತಿದೆ. ಎರಡು ಕಾಲಂ ಒಂದಕ್ಕೊಂದು ಸಾಕ್ಷಿ ಹೇಳದಿದ್ದರೆ ಎಲ್ಲೋ ಎಡವಟ್ಟಾಗಿದೆ. ಒಂದೇ ಸಂಗತಿಯನ್ನು ಎರಡು ಕಡೆಯಿಂದ ಎಣಿಸಿ ನೋಡುವುದು ನಮ್ಮ ಹಳೆಯ ಜಮಾಖರ್ಚಿನ ಪದ್ಧತಿ. ಇಲ್ಲೂ ಅದೇ ಕೈಹಿಡಿಯುತ್ತದೆ.

ಈಗ ಒಂದು ಬಲೆ. ಸೊನ್ನೆ ಅಲ್ಲದವರನ್ನು ಎಣಿಸೋಣ ಎಂದುಕೊಂಡು ನೀವು ಎಕ್ಸೆಲ್‌ನಲ್ಲಿ ಹೀಗೆ ಬರೆದಿರಿ ಎನ್ನಿ:

=ಕೌಂಟ್‌ಇಫ್(ಡಿ2:ಡಿ11,"<>0")

ಉತ್ತರ 8 ಎಂದು ಬರುತ್ತದೆ. ಆರು ಬರಬೇಕಿತ್ತಲ್ಲ? ಖಾಲಿ ಬಿಟ್ಟ ಎರಡು ಮನೆಗಳೂ "ಸೊನ್ನೆ ಅಲ್ಲ" ಎಂಬ ಗುಂಪಿಗೆ ಸೇರಿಕೊಂಡವು. ಸ್ಪ್ರೆಡ್‌ಶೀಟಿನ ದೃಷ್ಟಿಯಲ್ಲಿ ಖಾಲಿ ಎಂಬುದು ಸೊನ್ನೆಯಲ್ಲ, ಹಾಗಾಗಿ ಅದು ಹೇಳಿದ್ದು ಸುಳ್ಳಲ್ಲ. ಆದರೆ ಉತ್ತರವನ್ನೇ ಕೊಡದವರು ಬರುವವರಾಗಿಬಿಟ್ಟರು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರಕ್ಕೆ ಸಲ್ಲುತ್ತಿತ್ತೇನೋ, ಎಲೆ ಲೆಕ್ಕಕ್ಕೆ ಸಲ್ಲುವುದಿಲ್ಲ. ಆದ್ದರಿಂದ "ಇದಲ್ಲದ್ದು" ಎಂದು ಕೇಳುವ ಬದಲು, ಸಾಧ್ಯವಾದಷ್ಟೂ "ಇದು" ಎಂದೇ ಕೇಳಿ.

ಸೊನ್ನೆ, ಖಾಲಿ, ಇಲ್ಲ: ಈ ಮೂರರ ವ್ಯತ್ಯಾಸವನ್ನು ಪಟ್ಟಿ ತಯಾರಿಸುವಾಗಲೇ ಕಾಪಾಡಿಕೊಳ್ಳಬೇಕು. "ಹೇಗೂ ಬರುವುದಿಲ್ಲವಲ್ಲ" ಎಂದು ಸೊನ್ನೆಯ ಜಾಗ ಖಾಲಿ ಬಿಡಬೇಡಿ. ಫೋನ್ ಎತ್ತದವರ ಹೆಸರಿನ ಮುಂದೆ ಸೊನ್ನೆ ತುಂಬಲೂ ಬೇಡಿ. ಖಾಲಿ ಸೆಲ್ ಎಂದರೆ "ಇವರನ್ನು ಇನ್ನೂ ಕೇಳಬೇಕು" ಎಂಬ ಗುರುತು. ಅದನ್ನು ಅಳಿಸಿದರೆ ಯಾರನ್ನು ಕೇಳಿಲ್ಲ ಎಂಬುದೇ ಮರೆತುಹೋಗುತ್ತದೆ.

ಪದದ ಒಂದು ಭಾಗವನ್ನಷ್ಟೇ ಹುಡುಕಿ ಎಣಿಸಬೇಕೆಂದರೆ ನಕ್ಷತ್ರ ಚಿಹ್ನೆ ಬಳಸಿ. ನಿಮ್ಮ ಪಟ್ಟಿಯಲ್ಲಿ ಕೆಲವರು "ಡೊಂಬಿವಲಿ ಪೂರ್ವ" ಎಂದೂ ಕೆಲವರು "ಡೊಂಬಿವಲಿ ಪಶ್ಚಿಮ" ಎಂದೂ ಬರೆದಿದ್ದರೆ ಎರಡನ್ನೂ ಒಟ್ಟಿಗೆ ಹಿಡಿಯಲು ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್‌ನಲ್ಲಿ ಹೀಗೆ ಬರೆಯಬಹುದು:

=ಕೌಂಟ್‌ಇಫ್(ಬಿ2:ಬಿ11,"ಡೊಂಬಿವಲಿ*")

ನಕ್ಷತ್ರ ಎಂದರೆ ಆ ಜಾಗದಲ್ಲಿ ಏನಿದ್ದರೂ ಸರಿ, ಏನೂ ಇಲ್ಲದಿದ್ದರೂ ಸರಿ ಎಂದು. ಮುಂದೂ ಹಿಂದೂ ನಕ್ಷತ್ರ ಹಾಕಿದರೆ ಪದ ವಾಕ್ಯದ ನಡುವೆ ಎಲ್ಲಿದ್ದರೂ ಸಿಗುತ್ತದೆ. ಕಾರ್ಯಕ್ರಮಕ್ಕೆ ಬಂದ ಕೋರಿಕೆಗಳಲ್ಲಿ ಎಷ್ಟು ಜನ ಭಾವಗೀತೆ ಕೇಳಿದ್ದಾರೆ ಎಂದು ನೋಡಲು "*ಭಾವಗೀತೆ*" ಎಂದು ಕೊಟ್ಟರಾಯಿತು.

ಎರಡು ಷರತ್ತು ಒಟ್ಟಿಗೆ

ಐದನೆಯದು ಕೌಂಟ್‌ಇಫ್ಸ್. ಕೌಂಟ್‌ಇಫ್ ಒಂದೇ ಷರತ್ತನ್ನು ನೋಡಿದರೆ, ಇದು ಹಲವು ಷರತ್ತುಗಳನ್ನು ಒಟ್ಟಿಗೆ ನೋಡುತ್ತದೆ. ಎಕ್ಸೆಲ್‌ಗೆ ಇದು ಬಂದದ್ದು 2007ರ ಆವೃತ್ತಿಯಲ್ಲಿ. ಡೊಂಬಿವಲಿಯಿಂದ ಬರುವವರಿಗೆ ಒಂದು ಗಾಡಿ ಮಾಡೋಣವೇ ಎಂಬ ಮಾತು ಬಂತು ಎನ್ನಿ. ಡೊಂಬಿವಲಿಯವರೂ ಆಗಿರಬೇಕು, ಬರುವವರೂ ಆಗಿರಬೇಕು.

=ಕೌಂಟ್‌ಇಫ್ಸ್(ಬಿ2:ಬಿ11,"ಡೊಂಬಿವಲಿ",ಸಿ2:ಸಿ11,"ಹೌದು")

ಉತ್ತರ 3. ಡೊಂಬಿವಲಿಯಲ್ಲಿ ನಾಲ್ಕು ಮನೆ ಇದ್ದರೂ ಹೌದು ಎಂದವರು ಮೂರು. ಆದರೆ ಇದು ಮನೆಗಳ ಸಂಖ್ಯೆ, ತಲೆಗಳ ಸಂಖ್ಯೆಯಲ್ಲ. ಗಾಡಿಯಲ್ಲಿ ಕೂರುವುದು ಮನೆಯಲ್ಲ, ಮನುಷ್ಯರು. ತಲೆ ಎಣಿಸಲು ಇದರ ಸೋದರ ಸಮ್‌ಇಫ್ಸ್ ಬೇಕು. ಅದರಲ್ಲಿ ಕೂಡಿಸಬೇಕಾದ ಕಾಲಂ ಮೊದಲು ಬರುತ್ತದೆ:

=ಸಮ್‌ಇಫ್ಸ್(ಡಿ2:ಡಿ11,ಬಿ2:ಬಿ11,"ಡೊಂಬಿವಲಿ",ಸಿ2:ಸಿ11,"ಹೌದು")

ಮೂರು, ಎರಡು, ಒಂದು, ಒಟ್ಟು 6 ಜನ. ಇಷ್ಟು ಜನಕ್ಕೆ ಬಸ್ಸು ಬೇಡ, ಏಳು ಸೀಟಿನ ಒಂದು ಕಾರು ಸಾಕು.

ಕೌಂಟ್‌ಇಫ್ಸ್‌ನಲ್ಲಿ ಎರಡು ವಿಷಯ ನೆನಪಿಡಿ. ಒಂದು, ಎಲ್ಲ ಕಾಲಂಗಳ ಸಾಲಿನ ಅಳತೆ ಒಂದೇ ಇರಬೇಕು. ಬಿ2:ಬಿ11 ಎಂದು ಕೊಟ್ಟು ಸಿ2:ಸಿ10 ಎಂದರೆ ಅದು ಲೆಕ್ಕ ಹಾಕದೆ ದೋಷ ತೋರಿಸುತ್ತದೆ. ಎರಡು, ಇದು "ಇದೂ ಅದೂ" ಎಂಬ ಷರತ್ತಿಗೆ ಮಾತ್ರ. "ಮಾಟುಂಗಾ ಅಥವಾ ಮುಲುಂಡ್" ಎಂದು ಬೇಕಾದರೆ ಎರಡು ಕೌಂಟ್‌ಇಫ್ ಬರೆದು ನಡುವೆ ಕೂಡುವ ಚಿಹ್ನೆ ಹಾಕಿ. ನಮ್ಮ ಪಟ್ಟಿಯಲ್ಲಿ 2 ಮತ್ತು 2, ನಾಲ್ಕು. ಎರಡನ್ನೂ ಕೌಂಟ್‌ಇಫ್ಸ್‌ನೊಳಗೆ ಹಾಕಿದರೆ ಏಕಕಾಲಕ್ಕೆ ಮಾಟುಂಗಾದಲ್ಲೂ ಮುಲುಂಡ್‌ನಲ್ಲೂ ಇರುವ ಮನೆಯನ್ನು ಹುಡುಕಿ ಸೊನ್ನೆ ಎನ್ನುತ್ತದೆ.

ಖಜಾಂಚಿಗಳಿಗೆ ಒಂದು ಕಿವಿಮಾತು

ಬರುತ್ತೇವೆ ಎಂದವರಲ್ಲಿ ಯಾರು ವಂತಿಗೆ ಕೊಟ್ಟಿಲ್ಲ? ಹಣದ ಜಾಗ ಖಾಲಿ ಇರುವವರನ್ನು ಹುಡುಕಿದರಾಯಿತು ಎಂದು ಮೊದಲು ತೋಚುತ್ತದೆ.

=ಕೌಂಟ್‌ಇಫ್ಸ್(ಸಿ2:ಸಿ11,"ಹೌದು",ಇ2:ಇ11,"")

ಉತ್ತರ 0. ಎಲ್ಲರೂ ಕೊಟ್ಟಿದ್ದಾರೆ ಎಂದು ಖುಷಿಪಡುವಂತಿಲ್ಲ. 6ನೇ ಮನೆಯ ಮುಂದೆ "ನಂತರ" ಎಂದು ಬರೆದಿದೆ. ಸೆಲ್ ಖಾಲಿಯಲ್ಲ, ಹಣವೂ ಬಂದಿಲ್ಲ. ಸರಿಯಾದ ದಾರಿ ಕೊಟ್ಟವರನ್ನು ಎಣಿಸಿ ಕಳೆಯುವುದು. ಹೌದು ಎಂದವರು 6. ಹೌದು ಎಂದು ಹಣವನ್ನೂ ಕೊಟ್ಟವರು:

=ಕೌಂಟ್‌ಇಫ್ಸ್(ಸಿ2:ಸಿ11,"ಹೌದು",ಇ2:ಇ11,">0")

ಇದರ ಉತ್ತರ 5. ಆರರಲ್ಲಿ ಐದು ಕಳೆದರೆ ಒಂದು. ಆ ಒಂದು ಮನೆಗೆ ಫೋನ್ ಮಾಡಬೇಕು. ಅಂಕಿಯ ಕಾಲಂನಲ್ಲಿ ಅಂಕಿ ಮಾತ್ರ ಇರಲಿ, "ನಂತರ", "ಚೆಕ್ಕು", "ಅಣ್ಣನ ಕೈಲಿ ಕಳಿಸಿದ್ದಾರೆ" ಎಂಬ ಟಿಪ್ಪಣಿಗಳಿಗೆ ಪಕ್ಕದಲ್ಲಿ ಬೇರೆ ಕಾಲಂ ಮಾಡಿಕೊಳ್ಳಿ. 3ನೇ ಮನೆಯವರನ್ನೂ ಮರೆಯಬೇಡಿ. ಅವರು ಬರುವುದಿಲ್ಲ, ಆದರೂ 500 ಕೊಟ್ಟಿದ್ದಾರೆ. ಒಂದು ಧನ್ಯವಾದ ಸಲ್ಲಬೇಕು.

ಕಣ್ಣಿಗೆ ಕಾಣದ ಕಳ್ಳರು

ಪಟ್ಟಿಯಲ್ಲಿ ಎಲ್ಲ ಸರಿಯಿದ್ದಂತೆ ಕಂಡರೂ ಎಣಿಕೆ ತಪ್ಪುವುದುಂಟು. ಹೆಚ್ಚಾಗಿ ಕಾಡುವವು ಇವು.

ಜಾಗ. "ಹೌದು" ಎಂದು ಬರೆದು ಸ್ಪೇಸ್ ಒತ್ತಿಬಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಕೌಂಟ್‌ಇಫ್‌ಗೆ ಕಾಣುತ್ತದೆ. ಅದು ಬೇರೆ ಪದ ಎಂದು ಬಿಟ್ಟುಬಿಡುತ್ತದೆ. ಹಾಗೆಯೇ ಖಾಲಿ ಸೆಲ್‌ನಲ್ಲಿ ಬರೀ ಒಂದು ಸ್ಪೇಸ್ ಇದ್ದರೆ ಕೌಂಟ್‌ಎ ಅದನ್ನು ತುಂಬಿದ ಸೆಲ್ ಎಂದೇ ಎಣಿಸುತ್ತದೆ. ಟ್ರಿಮ್ ಎಂಬ ಫಂಕ್ಷನ್ ಪದದ ಹಿಂದುಮುಂದಿನ ಇಂಥ ಜಾಗಗಳನ್ನು ಕತ್ತರಿಸುತ್ತದೆ.

ಕಾಗುಣಿತ. ಒಬ್ಬರು "ಡೊಂಬಿವಲಿ", ಇನ್ನೊಬ್ಬರು "ಡೋಂಬಿವಲಿ", ಮತ್ತೊಬ್ಬರು "ಡೊಂಬಿವ್ಲಿ" ಎಂದು ಬರೆದರೆ ಸ್ಪ್ರೆಡ್‌ಶೀಟಿಗೆ ಅವು ಮೂರು ಬೇರೆ ಊರು. ಇದಕ್ಕೆ ಮದ್ದು ಪಟ್ಟಿ ಶುರುವಾಗುವಾಗಲೇ ಇದೆ: ಟೈಪ್ ಮಾಡಲು ಬಿಡದೆ, ಡೇಟಾ ವ್ಯಾಲಿಡೇಶನ್ ಮೂಲಕ ಆಯ್ಕೆಯ ಪಟ್ಟಿ ಕೊಡಿ. ಹೌದು, ಇಲ್ಲ ಎಂಬುದಕ್ಕೂ ಹಾಗೆಯೇ ಮಾಡಿ.

ಹಳೆಯ ಫಾಂಟ್. ಸಂಘದ ಹಳೆಯ ಫೈಲ್‌ಗಳು ನುಡಿ, ಬರಹ ಮುಂತಾದವುಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಇರಬಹುದು. ಅಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನೀವು ಯೂನಿಕೋಡ್‌ನಲ್ಲಿ "ಹೌದು" ಎಂದು ಕೇಳಿದರೆ ಒಂದೂ ಸಿಗುವುದಿಲ್ಲ. ಫಾಂಟ್ ಬದಲಿಸಿ ನೋಡಿ. ಅಕ್ಷರಗಳು ಅರ್ಥವಿಲ್ಲದ ಗೀಚಾಗಿ ಕಂಡರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಎಣಿಕೆ.

ಸಾಲಿನ ಗಡಿ. ನಿಮ್ಮ ಫಾರ್ಮುಲಾ 11ನೇ ಸಾಲಿಗೆ ನಿಲ್ಲುತ್ತದೆ. ತಡವಾಗಿ ಹೆಸರು ಕೊಟ್ಟ ಹನ್ನೊಂದನೆಯ ಮನೆಯನ್ನು 12ನೇ ಸಾಲಿನಲ್ಲಿ ಬರೆದರೆ ಅದು ಎಣಿಕೆಗೆ ಸೇರದೇ ಹೋಗಬಹುದು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಟಿ ಒತ್ತಿ ಪಟ್ಟಿಯನ್ನು ಟೇಬಲ್ ಮಾಡಿಕೊಂಡು ಫಾರ್ಮುಲಾ ಬರೆದರೆ ಹೊಸ ಸಾಲುಗಳು ತಾವಾಗಿ ಸೇರುತ್ತವೆ. ಇಲ್ಲವೇ ಇಡೀ ಕಾಲಂ ಕೊಡಿ: ಸಿ:ಸಿ ಎಂದು. ಆದರೆ ಕೌಂಟ್‌ಎ ಬಳಸುವಾಗ ತಲೆಬರಹವೂ ಎಣಿಕೆಗೆ ಸೇರುತ್ತದೆ, ಒಂದನ್ನು ಕಳೆಯಿರಿ.

ಫಿಲ್ಟರ್. ಪಟ್ಟಿಯನ್ನು ಥಾಣೆಯವರಿಗೆ ಮಾತ್ರ ಫಿಲ್ಟರ್ ಮಾಡಿದರೂ ಕೌಂಟ್ ಮತ್ತು ಕೌಂಟ್‌ಎ ಮರೆಯಾದ ಸಾಲುಗಳನ್ನೂ ಎಣಿಸುತ್ತವೆ. ಕಾಣುವುದನ್ನು ಮಾತ್ರ ಎಣಿಸಲು ಸಬ್‌ಟೋಟಲ್ ಎಂಬ ಫಂಕ್ಷನ್ ಇದೆ. =ಸಬ್‌ಟೋಟಲ್(103,ಎ2:ಎ11) ಎಂದರೆ ಕಾಣುವ ಸಾಲುಗಳಲ್ಲಿ ಕೌಂಟ್‌ಎ ಮಾಡು ಎಂದು. 102 ಎಂದರೆ ಕೌಂಟ್.

ಎರಡೆರಡು ಸಲ ಬಂದವರು. ಗಂಡನೂ ಹೆಂಡತಿಯೂ ಪ್ರತ್ಯೇಕವಾಗಿ ಹೆಸರು ಕೊಟ್ಟರೆ ಒಂದೇ ಮನೆ ಎರಡು ಸಾಲಾಗುತ್ತದೆ. ಎಫ್ ಕಾಲಂನಲ್ಲಿ ಮನೆಗೊಂದರಂತೆ ಮೊಬೈಲ್ ಸಂಖ್ಯೆ ಇದ್ದರೆ, ಪಕ್ಕದ ಕಾಲಂನಲ್ಲಿ =ಕೌಂಟ್‌ಇಫ್($ಎಫ್$2:$ಎಫ್$11,ಎಫ್2) ಎಂದು ಬರೆದು ಕೆಳಗಿನವರೆಗೆ ಎಳೆಯಿರಿ. ಡಾಲರ್ ಚಿಹ್ನೆ ಇರುವುದರಿಂದ ಕೆಳಗೆ ಎಳೆದರೂ ವ್ಯಾಪ್ತಿ ಕದಲುವುದಿಲ್ಲ. 2 ಅಥವಾ ಹೆಚ್ಚು ಬಂದ ಕಡೆ ಆ ಸಂಖ್ಯೆ ಮರುಕಳಿಸಿದೆ. ಹತ್ತು ಅಂಕಿಯ ಮೊಬೈಲ್ ಸಂಖ್ಯೆಗೆ ಇದು ಸರಿ. ಎಕ್ಸೆಲ್ ಅಂಕಿಗಳಲ್ಲಿ 15 ಸ್ಥಾನಗಳವರೆಗೆ ಮಾತ್ರ ನಿಖರ. ಹದಿನಾರು ಅಂಕಿಯ ಕಾರ್ಡ್ ಸಂಖ್ಯೆಗಳಾದರೆ, ಕೊನೆಯ ಅಂಕಿ ಬೇರೆಯಾಗಿದ್ದರೂ ಕೌಂಟ್‌ಇಫ್ ಒಂದೇ ಎನ್ನಬಹುದು. ಅಂಥ ಸಂಖ್ಯೆಗಳನ್ನು ಸಂಘದ ಪಟ್ಟಿಯಲ್ಲಿ ಇಡದಿರುವುದೇ ಕ್ಷೇಮ.

ಪಟ್ಟಿಗೇ ಬಾರದವರು

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ತಪ್ಪನ್ನು ಯಾವ ಫಾರ್ಮುಲಾವೂ ಹಿಡಿಯಲಾರದು: ಶೀಟ್‌ಗೇ ಬಾರದೆ ಉಳಿದ ಹೆಸರು. ಇದು ಚಿಕ್ಕ ಸಂಘಗಳ ತೊಂದರೆ ಮಾತ್ರವಲ್ಲ. 2020ರ ಕೋವಿಡ್ ಕಾಲದಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆಯಾಗಿದ್ದ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್‌ನಲ್ಲಿ ನಡೆದದ್ದನ್ನು ನೋಡಿ. ಆ ವರ್ಷ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ದಿನದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಮಾದರಿಯ ಫೈಲ್‌ಗೆ ತುಂಬಿಸುತ್ತಿದ್ದರು. ಆ ಹಳೆಯ ಮಾದರಿಯಲ್ಲಿ ಒಂದು ಶೀಟ್‌ಗೆ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಎಕ್ಸೆಲ್ 2007ರಿಂದ ಬಂದ ಹೊಸ ಮಾದರಿಯಲ್ಲಾದರೆ 10,48,576 ಸಾಲುಗಳಿವೆ. ಮಿತಿ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಹೊರಗುಳಿದವು.

ಸೋಂಕು ತಗುಲಿದವರಿಗೆ ತಮ್ಮ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕಿ ಎಚ್ಚರಿಸಬೇಕಾದ ತಂಡಕ್ಕೆ ಆ ಹೆಸರುಗಳು ತಡವಾಗಿ ಸಿಕ್ಕವು. ಆ ದಿನಗಳಲ್ಲಿ ಎಷ್ಟೋ ಜನ ತಮಗೆ ಅಪಾಯವಿದೆ ಎಂದು ತಿಳಿಯದೆ ಓಡಾಡಿಕೊಂಡಿದ್ದರು. ಶೀಟ್‌ನಲ್ಲಿ ಇದ್ದಷ್ಟನ್ನು ಎಣಿಸಿದ ಸಂಖ್ಯೆ ಸರಿಯಾಗಿಯೇ ಇತ್ತು. ಬಂದ ಸಾಲುಗಳೆಷ್ಟು, ಶೀಟ್‌ನಲ್ಲಿ ಕುಳಿತ ಸಾಲುಗಳೆಷ್ಟು ಎಂದು ತಾಳೆ ನೋಡಿದ್ದರೆ ಕೊರತೆ ಅಂದೇ ಕಾಣುತ್ತಿತ್ತು.

ನಮ್ಮ ಹತ್ತು ಮನೆಗೂ ಇದೇ ಪಾಠ. ಶೀಟ್‌ನ ಹೊರಗೆ ಒಂದು ಸಂಖ್ಯೆ ಇಟ್ಟುಕೊಳ್ಳಿ. ಸದಸ್ಯರ ರಿಜಿಸ್ಟರ್‌ನಲ್ಲಿ ಎಷ್ಟು ಮನೆ, ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಜನ, ಹರಿದ ರಸೀದಿ ಎಷ್ಟು. ಆ ಸಂಖ್ಯೆಯ ಜೊತೆ ಕೌಂಟ್‌ಎ ಉತ್ತರವನ್ನು ಪಕ್ಕಪಕ್ಕ ಇಟ್ಟು ನೋಡಿ. ವಾಟ್ಸಾಪ್ ಇಲ್ಲದ, ಫಾರ್ಮ್ ತುಂಬಲು ಬಾರದ ಹಿರಿಯರು ಪ್ರತಿ ಸಂಘದಲ್ಲೂ ಇರುತ್ತಾರೆ. ಅವರ ಹೆಸರು ಖಾಲಿ ಸೆಲ್ ಆಗಿಯೂ ಕಾಣುವುದಿಲ್ಲ, ಏಕೆಂದರೆ ಅವರಿಗೆ ಸಾಲೇ ಇಲ್ಲ.

ಅಡುಗೆಯವರಿಗೆ ಏನು ಹೇಳುವುದು?

ಕೊನೆಗೆ ನಮ್ಮ ಉತ್ತರ ಏನು? ಖಚಿತವಾಗಿ ಬರುವವರು ಆರು ಮನೆಯ 21 ಜನ. ಉತ್ತರ ಬರದ ಮನೆ ಎರಡು. ಬರುವ ಮನೆಗಳಿಂದ ಸರಾಸರಿ ಮೂರೂವರೆ ಜನ ಬರುತ್ತಿರುವುದರಿಂದ, ಆ ಎರಡೂ ಮನೆಯವರು ಬಂದರೆ ಸುಮಾರು ಏಳು ಎಲೆ ಹೆಚ್ಚು ಬೇಕು. ಆದ್ದರಿಂದ ಅಡುಗೆಯವರಿಗೆ "21 ಖಚಿತ, 28ರವರೆಗೆ ಆಗಬಹುದು, ನಾಳೆ ಸಂಜೆಯೊಳಗೆ ಹೇಳುತ್ತೇವೆ" ಎಂದು ಎರಡು ಸಂಖ್ಯೆ ಕೊಡಿ. ಒಂದೇ ಸಂಖ್ಯೆ ಹೇಳಿ ಸುಮ್ಮನಾಗುವುದಕ್ಕಿಂತ ಇದು ಪ್ರಾಮಾಣಿಕ ಲೆಕ್ಕ.

ಆಮೇಲೆ 4ನೇ ಮನೆಗೂ 9ನೇ ಮನೆಗೂ ಫೋನ್ ಮಾಡಿ. ಎಷ್ಟು ಮನೆಗೆ ಮಾಡಬೇಕು ಎಂಬುದನ್ನು ಕೌಂಟ್‌ಬ್ಲ್ಯಾಂಕ್ ತೋರಿಸಿಕೊಟ್ಟಿದೆ, ಮಾಡುವ ಕೆಲಸ ನಿಮ್ಮದು.

ಈ ಹತ್ತು ಸಾಲುಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ತುಂಬಿ ಒಂದೊಂದೇ ಫಾರ್ಮುಲಾ ಹಾಕಿ ನೋಡಿ. ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ, ಗೂಗಲ್ ಶೀಟ್ಸ್ ಮೊಬೈಲಿನಲ್ಲೇ ತೆರೆಯುತ್ತದೆ. ಉತ್ತರಗಳು ಇಲ್ಲಿರುವಂತೆ ಬಂದ ಮೇಲೆ ನಿಮ್ಮ ಸಂಘದ ಪಟ್ಟಿಗೆ ಕೈಹಾಕಿ. ಮೊದಲು ಹುಡುಕಬೇಕಾದದ್ದು ಕೌಂಟ್ ಮತ್ತು ಕೌಂಟ್‌ಎ ನಡುವಿನ ವ್ಯತ್ಯಾಸ. ಅದು ಸೊನ್ನೆ ಬಾರದಿದ್ದರೆ, ಎಲ್ಲೋ ಒಂದು ಮನೆಯವರ ಎಲೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.